ಅಸಲನ್ನೇ ತಿಂದ ವ್ಯಾಪಾರ

ದಕ್ಷಿಣ ಧ್ರುವದ ಸುತ್ತಲಿನ ಸಮುದ್ರದಲ್ಲಿ 2025ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಒಂದು ಮೀನುಗಾರಿಕೆ ಅವಧಿ ಮುಗಿಯುವ ಮುಂಚೆಯೇ ಬಂದಾಯಿತು. ಅಲ್ಲಿ ಹಿಡಿಯುತ್ತಿದ್ದುದು ನಿಜವಾಗಿ ಮೀನಲ್ಲ. ಕ್ರಿಲ್ ಎಂಬ, ಸಿಗಡಿಯನ್ನು ಹೋಲುವ, ಹೆಬ್ಬೆರಳುದ್ದದ ಜೀವಿ. ಆ ಭಾಗದ ನೀರಿನಲ್ಲಿ ವರ್ಷಕ್ಕೆ 6 ಲಕ್ಷ 20 ಸಾವಿರ ಟನ್ನು ಮುಟ್ಟಿದೊಡನೆ ನಿಲ್ಲಿಸಬೇಕೆಂದು ರಾಷ್ಟ್ರಗಳು ಕೂಡಿ ಮಿತಿ ಇಟ್ಟಿದ್ದವು. ಆ ಮಿತಿ ಮೊದಲ ಬಾರಿಗೆ ತುಂಬಿತು, ಅದೂ ನವೆಂಬರ್ ಕೊನೆಯವರೆಗೆ ನಡೆಯಬೇಕಾಗಿದ್ದ ಋತುವಿನಲ್ಲಿ ಆಗಸ್ಟಿನಲ್ಲೇ.

ತುಟ್ಟಿಭತ್ಯೆ, ಬೋನಸ್ಸು, ಮಳಿಗೆಯ ಬಾಡಿಗೆ, ತೆರಿಗೆಯ ನೋಟೀಸುಗಳ ನಡುವೆ ಈ ಸುದ್ದಿ ನಮ್ಮ ಜನರ ಕಣ್ಣಿಗೆ ಬೀಳದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಈ ವಾರದ ಅಗ್ರಲೇಖನದ ಸ್ಥಳವನ್ನು ನಾವು ಇದಕ್ಕೇ ಕೊಡುತ್ತಿದ್ದೇವೆ. ಇದೇ ನೀರಿನಲ್ಲಿ ನೂರು ವರ್ಷಗಳ ಹಿಂದೆ ಇನ್ನೊಂದು ವ್ಯಾಪಾರ ನಡೆಯಿತು. ಆ ವ್ಯಾಪಾರ ತಿಮಿಂಗಿಲದ್ದು. ಅದರ ಲೆಕ್ಕವನ್ನು ಒಮ್ಮೆ ಬಿಚ್ಚಿ ನೋಡಿದವರಿಗೆ ಈಗಿನ ಕ್ರಿಲ್ ವ್ಯಾಪಾರದ ಲೆಕ್ಕವೂ ತಾನಾಗಿಯೇ ಅರ್ಥವಾಗುತ್ತದೆ.

ನಮಗೂ ತಿಮಿಂಗಿಲಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಗಿರಣಿಯ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿಯುವ ವಾಚಕರಿಗೆ ಕದಿರಿಗೆ ಹಾಕುವ ಎಣ್ಣೆಯ ಮಹತ್ವವನ್ನು ನಾವು ಹೇಳಿಕೊಡಬೇಕಾಗಿಲ್ಲ. ನೆಲದಡಿಯ ಎಣ್ಣೆ ಬಳಕೆಗೆ ಬರುವ ಮುಂಚೆ ಇಂಗ್ಲೆಂಡು, ಅಮೆರಿಕಗಳ ಬಟ್ಟೆಗಿರಣಿಗಳಲ್ಲಿ ವೇಗವಾಗಿ ತಿರುಗುವ ಕದಿರುಗಳಿಗೆ ಹಾಕುತ್ತಿದ್ದ ಉತ್ತಮ ದರ್ಜೆಯ ಎಣ್ಣೆ ಸ್ಪರ್ಮ್ ತಿಮಿಂಗಿಲದ್ದು. ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ ಸೆಣಬಿನ ಒರಟು ನಾರನ್ನು ಮೆದು ಮಾಡಲು ತಿಮಿಂಗಿಲದ ಎಣ್ಣೆಯನ್ನು ನೀರಿನೊಡನೆ ಬೆರೆಸಿ ಚಿಮುಕಿಸುತ್ತಿದ್ದರು. ಬಂಗಾಳದ ರೈತ ಬೆಳೆದ ಸೆಣಬು, ಉತ್ತರ ಧ್ರುವದ ಕಡಲಿನಿಂದ ತಂದ ತಿಮಿಂಗಿಲದ ಕೊಬ್ಬು, ಡಂಡೀ ಗಿರಣಿಯ ಕೂಲಿ ಹೆಂಗಸರ ಬೆವರು, ಇವು ಮೂರೂ ಸೇರಿ ಒಂದು ಗೋಣಿಚೀಲವಾಗುತ್ತಿತ್ತು. ಲಾಭ ಮಾತ್ರ ನಾಲ್ಕನೆಯವನಿಗೆ.

ಅದು ಹಾಯಿ ಹಡಗಿನ ಕಾಲ. ಆಗಲೇ ಕೆಲವು ಜಾತಿಯ ತಿಮಿಂಗಿಲಗಳು ವಿರಳವಾಗಿದ್ದವು. ಆದರೆ ನೀಲಿ ತಿಮಿಂಗಿಲವನ್ನು ಹಾಯಿ ಹಡಗು ಬೆನ್ನಟ್ಟಿ ಹಿಡಿಯಲಾರದು. ಅದು ಅಷ್ಟು ವೇಗವಾಗಿ ಈಜುತ್ತದೆ, ಸತ್ತರೆ ಮುಳುಗುತ್ತದೆ. 1860ರ ದಶಕದಲ್ಲಿ ನಾರ್ವೆಯ ಸ್ವೆಂಡ್ ಫಾಯ್ನ್ ಎಂಬಾತ ಉಗಿ ಹಡಗಿನ ಮೂತಿಯಲ್ಲಿ ಫಿರಂಗಿಯಿಟ್ಟು, ದೇಹದೊಳಗೆ ಹೊಕ್ಕು ಸಿಡಿಯುವ ಈಟಿಯನ್ನು ಹಾರಿಸುವ ಉಪಾಯ ಕಂಡುಹಿಡಿದ. 1904ರಲ್ಲಿ ಇನ್ನೊಬ್ಬ ನಾರ್ವೆಯವ, ಕಾರ್ಲ್ ಆಂಟನ್ ಲಾರ್ಸೆನ್, ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕೆನ್ ಎಂಬಲ್ಲಿ ಕಾರ್ಖಾನೆ ತೆರೆದ. 1925ರಿಂದ ಹಡಗೇ ಕಾರ್ಖಾನೆಯಾಯಿತು. ಹಿಂಭಾಗದ ಇಳಿಜಾರಿನ ಮೂಲಕ ಇಡೀ ಪ್ರಾಣಿಯನ್ನು ಮೇಲಕ್ಕೆಳೆದುಕೊಂಡು ನಡುಗಡಲಿನಲ್ಲಿಯೇ ಕೊಯ್ದು ಬೇಯಿಸತೊಡಗಿದರು. ದಡದ ಹಂಗು, ಯಾವುದೇ ಸರ್ಕಾರದ ಪರವಾನಗಿಯ ಹಂಗು ಎರಡೂ ಅಲ್ಲಿಗೆ ತೀರಿತು.

ದೀಪಕ್ಕೆ ಸೀಮೆಎಣ್ಣೆ ಬಂದಮೇಲೂ ಇಷ್ಟು ತಿಮಿಂಗಿಲದ ಎಣ್ಣೆ ಯಾರಿಗೆ ಬೇಕಾಗಿತ್ತು? ಡಾಲ್ಡಾ ಡಬ್ಬಿಯನ್ನು ಮಾರಿದ ನಮ್ಮ ಕಿರಾಣಿ ವ್ಯಾಪಾರಿಗಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ದ್ರವವಾಗಿರುವ ಎಣ್ಣೆಗೆ ಜಲಜನಕವನ್ನು ಹಾಯಿಸಿ ಗಟ್ಟಿ ಮಾಡುವ ರಸಾಯನ ವಿದ್ಯೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಕಾರ್ಖಾನೆಗಳಿಗೆ ಬಂತು. ಇಲ್ಲಿ ಸಸ್ಯದ ಎಣ್ಣೆಯಿಂದ ವನಸ್ಪತಿ ಮಾಡಿದರು. ಅಲ್ಲಿ ತಿಮಿಂಗಿಲದ ಎಣ್ಣೆಯಿಂದ ಮಾರ್ಗರೀನ್ ಎಂಬ ಅಗ್ಗದ ಬೆಣ್ಣೆ ಮಾಡಿ ಬಡವರ ರೊಟ್ಟಿಗೆ ಸವರಿದರು. ಉಳಿದದ್ದು ಸಾಬೂನಿಗೆ. ಸಾಬೂನಿನಿಂದ ಬಂದ ಗ್ಲಿಸರಿನ್ ಮೊದಲನೆಯ ಮಹಾಯುದ್ಧದಲ್ಲಿ ಸಿಡಿಮದ್ದಿಗೆ. 1929ರಲ್ಲಿ ಬ್ರಿಟಿಷ್ ಸಾಬೂನು ಕಂಪನಿಯೂ ಡಚ್ ಮಾರ್ಗರೀನ್ ಕಂಪನಿಯೂ ಒಂದಾಗಿ ಹುಟ್ಟಿದ ಯೂನಿಲಿವರ್ ಜಗತ್ತಿನ ಅತಿದೊಡ್ಡ ತಿಮಿಂಗಿಲ ಎಣ್ಣೆಯ ಖರೀದಿದಾರನಾಯಿತು. 1930–31ರ ಒಂದೇ ಋತುವಿನಲ್ಲಿ ದಕ್ಷಿಣ ಸಮುದ್ರದಲ್ಲಿ 29 ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನು ಕೊಂದರು. ಭೂಮಿಯ ಮೇಲೆ ಇದುವರೆಗೆ ಹುಟ್ಟಿದ ಪ್ರಾಣಿಗಳಲ್ಲೆಲ್ಲ ದೊಡ್ಡದೆನಿಸಿದ್ದು ಇದು.

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದ ಬೇಟೆಗೆ ಬಲಿಯಾದ ತಿಮಿಂಗಿಲಗಳ ಸಂಖ್ಯೆ ಸುಮಾರು 29 ಲಕ್ಷ. ದಕ್ಷಿಣ ಸಮುದ್ರದಲ್ಲಿ ಬೇಟೆಗೆ ಮುಂಚೆ ಸುಮಾರು 2 ಲಕ್ಷ 39 ಸಾವಿರ ನೀಲಿ ತಿಮಿಂಗಿಲಗಳಿದ್ದವೆಂದೂ, 1973ರ ವೇಳೆಗೆ ಉಳಿದಿದ್ದವು ಸುಮಾರು 360 ಎಂದೂ ವಿಜ್ಞಾನಿಗಳ ಅಂದಾಜು. ಸಾವಿರದಲ್ಲಿ ಎರಡೂ ಉಳಿಯಲಿಲ್ಲ.

ಇದನ್ನು ತಡೆಯಲು ಕಾನೂನು ಇರಲಿಲ್ಲವೆ? ಇತ್ತು. 1946ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಒಪ್ಪಂದವಾಗಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವೂ ಹುಟ್ಟಿತು. ಅದು ಮಾಡಿದ ಲೆಕ್ಕದ ರೀತಿ ಮಾತ್ರ ಕೇಳುವಂತಿದೆ. ಒಂದು ನೀಲಿ ತಿಮಿಂಗಿಲವೆಂದರೆ ಎರಡು ಫಿನ್ ತಿಮಿಂಗಿಲ, ಅಥವಾ ಎರಡೂವರೆ ಗೂನುಬೆನ್ನಿನ ತಿಮಿಂಗಿಲ, ಅಥವಾ ಆರು ಸೇ ತಿಮಿಂಗಿಲ. ಹೀಗೆ ಎಣ್ಣೆಯ ತೂಕದ ಮೇಲೆ ಜೀವಜಾತಿಗಳನ್ನು ಅಳೆದು, ವರ್ಷಕ್ಕೆ 16 ಸಾವಿರ ‘ನೀಲಿ ತಿಮಿಂಗಿಲ ಮಾನ’ ಎಂದು ಒಟ್ಟು ಮಿತಿ ಹಾಕಿದರು. ಯಾವ ಜಾತಿ ಎಷ್ಟು ಉಳಿದಿದೆ ಎಂಬ ಪ್ರಶ್ನೆಯೇ ಇಲ್ಲ. ಒಟ್ಟು ಮಿತಿ ತುಂಬುವುದರೊಳಗೆ ತನ್ನ ಪಾಲು ಹೆಚ್ಚಿಸಿಕೊಳ್ಳಬೇಕೆಂದು ಪ್ರತಿಯೊಂದು ಹಡಗಿನ ದಂಡೂ ಓಡಿತು. ನೀಲಿ ಮುಗಿದಾಗ ಫಿನ್, ಫಿನ್ ಮುಗಿದಾಗ ಸೇ. ಮೇಲ್ವಿಚಾರಕರನ್ನು ನೇಮಿಸಿದ್ದು ಬೇಟೆಯಾಡುವ ರಾಷ್ಟ್ರಗಳೇ. ಕಾರ್ಖಾನೆಯ ತನಿಖಾಧಿಕಾರಿಗೆ ಮಾಲೀಕನೇ ಸಂಬಳ ಕೊಟ್ಟರೆ ಏನಾಗುತ್ತದೆಂಬುದು ನಮ್ಮ ಕಾರ್ಮಿಕರಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಇಲ್ಲೊಂದು ಪ್ರಶ್ನೆ ಬರುತ್ತದೆ. ತಿಮಿಂಗಿಲ ತೀರಿಹೋದರೆ ವ್ಯಾಪಾರವೂ ತೀರಿಹೋಗುತ್ತದೆಯಲ್ಲ, ತನ್ನ ಹಿತವನ್ನಾದರೂ ನೋಡಿಕೊಂಡು ಕಂಪನಿ ಕೈ ತಡೆಯಬೇಕಾಗಿತ್ತಲ್ಲವೆ? ಸಣ್ಣ ಅಂಗಡಿಯವನು ಹಾಗೆಯೇ ಯೋಚಿಸುತ್ತಾನೆ. ಅವನಿಗೆ ಅದೊಂದೇ ಅಂಗಡಿ, ಅದನ್ನೇ ಮಗನಿಗೆ ಬಿಡಬೇಕು. ಅಸಲನ್ನು ಮುಟ್ಟದೆ ಲಾಭದಲ್ಲಿ ಬದುಕಬೇಕು. 1973ರಲ್ಲಿ ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್ ಇದೇ ಪ್ರಶ್ನೆಯನ್ನು ಎತ್ತಿಕೊಂಡು ಲೆಕ್ಕ ಹಾಕಿದ. ಅವನಿಗೆ ಸಿಕ್ಕ ಉತ್ತರ ಭಯಂಕರವಾದದ್ದು. ನೀಲಿ ತಿಮಿಂಗಿಲ ಎರಡು ಮೂರು ವರ್ಷಕ್ಕೊಮ್ಮೆ ಒಂದು ಮರಿ ಹಾಕುತ್ತದೆ. ಅದರ ಸಂತತಿ ವರ್ಷಕ್ಕೆ ನೂರಕ್ಕೆ ಕೆಲವೇ ಪಾಲು ಬೆಳೆಯುತ್ತದೆ. ಬ್ಯಾಂಕಿನಲ್ಲೋ ಇನ್ನೊಂದು ಉದ್ಯಮದಲ್ಲೋ ತೊಡಗಿಸಿದ ಹಣ ಅದಕ್ಕಿಂತ ವೇಗವಾಗಿ ಬೆಳೆಯುವುದಾದರೆ, ಕೊನೆಯ ತಿಮಿಂಗಿಲದವರೆಗೂ ಕೊಂದು, ಬಂದ ದುಡ್ಡನ್ನು ಬೇರೆಡೆ ಹಾಕುವುದೇ ಬಂಡವಾಳಕ್ಕೆ ಹೆಚ್ಚು ಲಾಭಕರ! ಕಂಪನಿಗಳು ದಡ್ಡತನದಿಂದ ತಮ್ಮ ಕಾಲಮೇಲೆ ಕಲ್ಲು ಹಾಕಿಕೊಂಡವೆಂದು ತಿಳಿದವರು ಈ ಲೆಕ್ಕವನ್ನು ಮತ್ತೊಮ್ಮೆ ಓದಬೇಕು. ಬಂಡವಾಳಕ್ಕೆ ಊರಿಲ್ಲ, ಕಡಲಿಲ್ಲ. ಕಾಲು ಇರುವುದು ಕೆಲಸಗಾರನಿಗೆ. ಕಲ್ಲು ಬಿದ್ದದ್ದೂ ಅವನ ಕಾಲಮೇಲೆ. 1960ರ ದಶಕದ ಮಧ್ಯದಲ್ಲಿ ದಕ್ಷಿಣ ಜಾರ್ಜಿಯಾದ ಕಾರ್ಖಾನೆಗಳು ಒಂದಾದಮೇಲೊಂದು ಮುಚ್ಚಿದವು. ಗಿರಣಿ ಮುಚ್ಚಿದ ಊರಿನವರಿಗೆ ಆ ಚಿತ್ರವನ್ನು ನಾವು ಬಣ್ಣಿಸಬೇಕಾಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಮ್ಮ ಪಕ್ಷದ ಪತ್ರಿಕೆಗೆ ಅನುಕೂಲವಾಗುತ್ತಿತ್ತು. ಆದರೆ ಅದು ಅರ್ಧ ಸತ್ಯ. ಸಮಾಜವಾದದ ಹೆಸರು ಹೇಳಿಕೊಂಡ ಸೋವಿಯತ್ ಒಕ್ಕೂಟವೂ ಈ ಕೊಲೆಯಲ್ಲಿ ಭಾಗಿಯಾಯಿತು. ಭಾಗಿಯಾದದ್ದಷ್ಟೇ ಅಲ್ಲ, ಲೆಕ್ಕವನ್ನೂ ಮುಚ್ಚಿಟ್ಟಿತು. ಎರಡನೆಯ ಮಹಾಯುದ್ಧದ ನಂತರ ದಕ್ಷಿಣಾರ್ಧ ಗೋಳದಲ್ಲಿ ತಾನು ಕೊಂದ ಗೂನುಬೆನ್ನಿನ ತಿಮಿಂಗಿಲಗಳು 2,710 ಎಂದು ಅದು ಆಯೋಗಕ್ಕೆ ವರದಿ ಕೊಟ್ಟಿತ್ತು. ನಿಜವಾಗಿ ಕೊಂದದ್ದು 48 ಸಾವಿರಕ್ಕೂ ಹೆಚ್ಚು. ಎಲ್ಲ ಸಮುದ್ರಗಳೂ ಸೇರಿ ವರದಿಯಾಗದ ಬೇಟೆ ಸುಮಾರು 1 ಲಕ್ಷ 80 ಸಾವಿರ. ಇದನ್ನು 1993ರಲ್ಲಿ ಬಯಲಿಗೆಳೆದವನು ರಷ್ಯದ ವಿಜ್ಞಾನಿಯೇ, ಅಲೆಕ್ಸಿ ಯಾಬ್ಲೊಕೊವ್. ಹಡಗಿನ ಮೇಲಿದ್ದ ಜೀವಶಾಸ್ತ್ರಜ್ಞರು ನಿಜವಾದ ಅಂಕಿ ಅಂಶಗಳನ್ನು ಗುಟ್ಟಾಗಿ ಉಳಿಸಿಕೊಂಡಿದ್ದರಿಂದ ಇಷ್ಟಾದರೂ ಜಗತ್ತಿಗೆ ತಿಳಿಯಿತು. ಅವರಿಗೆ ನಮ್ಮ ನಮಸ್ಕಾರ.

ಅಲ್ಲಿ ಮಾಲೀಕನಿರಲಿಲ್ಲ, ಷೇರುದಾರನಿರಲಿಲ್ಲ. ಯೋಜನೆಯ ಗುರಿ ಇತ್ತು. ಗುರಿ ಮೀರಿದವನಿಗೆ ಬೋನಸ್ಸು, ಪದಕ. ಮುಂದಿನ ವರ್ಷಕ್ಕೆ ಇನ್ನೂ ಹೆಚ್ಚಿನ ಗುರಿ. ಕೊಂದ ಪ್ರಾಣಿಯ ಬಹುಪಾಲು ಎಷ್ಟೋ ಸಲ ಕಡಲಿಗೇ ಎಸೆಯಲ್ಪಟ್ಟಿತು. ಜನರ ಹತೋಟಿಯಿಲ್ಲದ ಯೋಜನೆ ಲಾಭಕೋರನಷ್ಟೇ ಕುರುಡಾಗಬಲ್ಲದು. ಇದನ್ನು ಒಪ್ಪಿಕೊಳ್ಳಲು ನಾಚುವ ಸಮಾಜವಾದಿ, ಬಂಡವಾಳಗಾರನ ಮೇಲೆ ಬೆರಳು ತೋರಿಸಲು ಅರ್ಹನಲ್ಲ.

ಈಗ ತಿಮಿಂಗಿಲ ಹೋದದ್ದರಿಂದ ಸಮುದ್ರಕ್ಕೇನಾಯಿತು ಎಂಬ ವಿಷಯ. ಒಂದು ದೊಡ್ಡ ಪ್ರಾಣಿ ಇಲ್ಲವಾದರೆ ಅದು ತಿನ್ನುತ್ತಿದ್ದ ಆಹಾರ ಉಳಿಯುತ್ತದೆ, ಬೇರೆಯವರಿಗೆ ಲಾಭ ಎಂದು ಬೇಟೆಯ ಪಕ್ಷದವರು ಬಹಳ ಕಾಲ ವಾದಿಸಿದರು. ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ ಬೇಟೆಗೆ ಮುಂಚಿನ ದಕ್ಷಿಣ ಸಮುದ್ರದ ತಿಮಿಂಗಿಲಗಳು ವರ್ಷಕ್ಕೆ ಸುಮಾರು 43 ಕೋಟಿ ಟನ್ನು ಕ್ರಿಲ್ ತಿನ್ನುತ್ತಿದ್ದವು. ಇಂದು ಆ ಸಮುದ್ರದಲ್ಲಿ ಇರುವ ಒಟ್ಟು ಕ್ರಿಲ್ಲಿಗಿಂತ ಅದು ಇಮ್ಮಡಿ! ತಿನ್ನುವವರು ಸತ್ತಮೇಲೆ ಕಡಲು ಕ್ರಿಲ್ಲಿನಿಂದ ತುಂಬಿ ತುಳುಕಬೇಕಾಗಿತ್ತು. ಹಾಗಾಗಲಿಲ್ಲ. ತಿನ್ನುವವನಿದ್ದಾಗ ಹೆಚ್ಚು, ಇಲ್ಲದಾಗ ಕಡಿಮೆ: ಇದೆಂಥ ವಿಚಿತ್ರ?

ಇದರ ಉತ್ತರ ನಮ್ಮ ಹಳ್ಳಿಯ ಯಾವ ರೈತನಿಗೂ ಗೊತ್ತಿದೆ. ಸುಗ್ಗಿಯಾದಮೇಲೆ ಕುರುಬರನ್ನು ಕರೆದು, ಕಾಳೋ ಕಾಸೋ ಕೊಟ್ಟು, ತನ್ನ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾನೆ. ಕುರಿ ಮೇಯುವುದು ಅವನಿಗೆ ನಷ್ಟವಲ್ಲ; ಹಿಕ್ಕೆಯೂ ಗಂಜಲವೂ ಗೊಬ್ಬರ. ದಕ್ಷಿಣ ಸಮುದ್ರದ ನೀರಿನಲ್ಲಿ ಬೇರೆ ಗೊಬ್ಬರದ ಅಂಶಗಳು ಸಾಕಷ್ಟಿವೆ, ಕಬ್ಬಿಣ ಮಾತ್ರ ಅತ್ಯಲ್ಪ. ಕಬ್ಬಿಣವಿಲ್ಲದೆ ನೀರಿನ ಮೇಲುಪದರದಲ್ಲಿ ತೇಲುವ, ಕಣ್ಣಿಗೆ ಕಾಣದ ಸಣ್ಣ ಪಾಚಿ ಬೆಳೆಯದು. ಆ ಪಾಚಿಯನ್ನು ಕ್ರಿಲ್ ತಿನ್ನುತ್ತದೆ, ಕ್ರಿಲ್ಲನ್ನು ತಿಮಿಂಗಿಲ ತಿನ್ನುತ್ತದೆ. ತಿಂದ ಕಬ್ಬಿಣದಲ್ಲಿ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದೆ, ಅದೂ ಉಸಿರಾಡಲು ಮೇಲಕ್ಕೆ ಬಂದಾಗ. ಅದರ ಲದ್ದಿ ನೀರಾಗಿರುತ್ತದೆ. ಕೆಳಗೆ ಮುಳುಗದೆ ಬಿಸಿಲು ಬೀಳುವ ಪದರದಲ್ಲಿಯೇ ಹರಡುತ್ತದೆ. 2010ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಅಳೆದು ನೋಡಿದಾಗ ಆ ಲದ್ದಿಯಲ್ಲಿ ಸುತ್ತಲಿನ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ಹೆಚ್ಚು ಕಬ್ಬಿಣವಿತ್ತು. ಅಂದರೆ ತಿಮಿಂಗಿಲ ಬರಿಯ ತಿನ್ನುವ ಬಾಯಲ್ಲ, ಹೊಲಕ್ಕೆ ಗೊಬ್ಬರ ಹಾಕುವ ಮಂದೆ. ಮಂದೆಯನ್ನು ಕೊಂದಮೇಲೆ ಹೊಲ ಬಡವಾಯಿತು. ದಕ್ಷಿಣ ಅಟ್ಲಾಂಟಿಕ್ ಭಾಗದಲ್ಲಿ ಕ್ರಿಲ್ ಕಡಿಮೆಯಾಗಲು ಕಡಲ ಮಂಜುಗಡ್ಡೆ ಕುಗ್ಗುತ್ತಿರುವುದೂ ಒಂದು ಕಾರಣವೆಂದು ಹೇಳುವವರಿದ್ದಾರೆ. ಅದನ್ನು ನಾವು ತಳ್ಳಿಹಾಕುವುದಿಲ್ಲ.

ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಅಮೆರಿಕದ ಮೇಯ್ನ್ ಕೊಲ್ಲಿಯಲ್ಲಿ ತಿಮಿಂಗಿಲ, ಸೀಲುಗಳು ವರ್ಷಕ್ಕೆ ಸುಮಾರು 23 ಸಾವಿರ ಟನ್ನು ಸಾರಜನಕವನ್ನು ಮೇಲಿನ ನೀರಿಗೆ ಸೇರಿಸುತ್ತವೆಂದೂ, ಅಲ್ಲಿಗೆ ಬಂದು ಸೇರುವ ಎಲ್ಲ ನದಿಗಳೂ ಕೂಡಿ ತರುವುದಕ್ಕಿಂತ ಅದು ಹೆಚ್ಚೆಂದೂ 2010ರಲ್ಲಿ ತಿಳಿದುಬಂತು. ತಣ್ಣನೆಯ ಸಮುದ್ರದಲ್ಲಿ ಮೇಯ್ದು, ಮರಿ ಹಾಕಲು ಸಾವಿರಾರು ಮೈಲಿ ದಾಟಿ ಬೆಚ್ಚನೆಯ ಬಡ ನೀರಿಗೆ ಹೋಗುವ ತಿಮಿಂಗಿಲಗಳು ತಮ್ಮ ಮೂತ್ರದಲ್ಲಿ, ಸತ್ತ ದೇಹದಲ್ಲಿ ಅಲ್ಲಿಗೂ ಗೊಬ್ಬರ ಹೊತ್ತೊಯ್ಯುತ್ತವೆ. ಸತ್ತು ಕಡಲ ತಳಕ್ಕೆ ಬಿದ್ದ ಒಂದು ದೇಹ ಅಲ್ಲಿನ ಕತ್ತಲಲ್ಲಿ ಹತ್ತಾರು ವರ್ಷ ನೂರಾರು ಬಗೆಯ ಜೀವಿಗಳಿಗೆ ಅನ್ನವಾಗುತ್ತದೆ. ತಿಮಿಂಗಿಲದ ಮೂಳೆಯನ್ನೇ ತಿಂದು ಬದುಕುವ ಹುಳುಗಳನ್ನು 2002ರಲ್ಲಿ ಕ್ಯಾಲಿಫೋರ್ನಿಯದ ಆಳ ಕಡಲಿನಲ್ಲಿ ಕಂಡರು.

ಇದನ್ನೆಲ್ಲ ಓದಿ ಕೆಲವರಿಗೆ ಹೊಸ ಆಸೆ ಹುಟ್ಟಿದೆ. 2019ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅರ್ಥಶಾಸ್ತ್ರಜ್ಞರು ಒಂದೊಂದು ದೊಡ್ಡ ತಿಮಿಂಗಿಲಕ್ಕೆ 20 ಲಕ್ಷ ಡಾಲರ್ ಬೆಲೆ ಕಟ್ಟಿದರು. ಅದು ಇಂಗಾಲವನ್ನು ಹಿಡಿದಿಡುವ ಸೇವೆಗೆ, ಅದನ್ನು ನೋಡಲು ಬರುವ ಪ್ರವಾಸಿಗರಿಗೆ ಎಲ್ಲ ಸೇರಿಸಿ. ಉದ್ದೇಶ ಒಳ್ಳೆಯದಿರಬಹುದು. ಆದರೆ ಎಣ್ಣೆಯ ಪೀಪಾಯಿಯ ಲೆಕ್ಕದಲ್ಲಿ ಅಳೆದವರ ತಕ್ಕಡಿಯೇ ಇದು, ಎಣ್ಣೆಯ ಬದಲು ಇಂಗಾಲವನ್ನು ಇಟ್ಟಿದ್ದಾರೆ ಅಷ್ಟೆ. ನಾಳೆ ಬಡ್ಡಿದರ ಏರಿದರೆ ಕ್ಲಾರ್ಕನ ಲೆಕ್ಕ ಮತ್ತೆ ಬಾಗಿಲು ತಟ್ಟುತ್ತದೆ. ಜೊತೆಗೆ ಮನುಷ್ಯ ಚಿಮಣಿಗಳಿಂದ ಬಿಡುವ ಇಂಗಾಲದ ಮುಂದೆ ತಿಮಿಂಗಿಲಗಳು ಹಿಡಿದಿಡುವುದು ಬಹಳ ಸಣ್ಣ ಪಾಲೆಂದು ಈ ವಿಷಯ ಬಲ್ಲ ವಿಜ್ಞಾನಿಗಳೇ ಎಚ್ಚರಿಸಿದ್ದಾರೆ. ಧನಿಕ ರಾಷ್ಟ್ರಗಳ ಹೊಗೆಯನ್ನು ತಿಮಿಂಗಿಲದ ಬೆನ್ನಿಗೆ ಹೊರಿಸಲು ನಾವು ಒಪ್ಪಲಾರೆವು.

ಕೊಂದದ್ದು ನಿಂತಾಗ ಏನಾಯಿತೆಂಬುದೂ ಲೆಕ್ಕದಲ್ಲಿ ಬರಬೇಕು. 1982ರಲ್ಲಿ ಆಯೋಗ ವ್ಯಾಪಾರದ ಬೇಟೆಯನ್ನು ನಿಲ್ಲಿಸಲು ಮತ ಕೊಟ್ಟಿತು. 1985–86ರ ಋತುವಿನಿಂದ ಅದು ಜಾರಿಗೆ ಬಂತು. ನಾರ್ವೆ ಅದಕ್ಕೆ ತಲೆಬಾಗಲಿಲ್ಲ, ಐಸ್‌ಲೆಂಡ್ ಆಮೇಲೆ ಬೇಟೆಗೆ ಮರಳಿತು, ಜಪಾನು 2019ರಲ್ಲಿ ಆಯೋಗವನ್ನೇ ಬಿಟ್ಟು ಹೊರಟಿತು. ಹೊಟ್ಟೆಪಾಡಿಗೆ ವರ್ಷಕ್ಕೆ ಕೆಲವನ್ನು ಹಿಡಿಯುವ ಉತ್ತರ ಧ್ರುವದ ಮೂಲನಿವಾಸಿಗಳನ್ನು ಇವರೊಡನೆ ಸೇರಿಸುವುದು ನ್ಯಾಯವಲ್ಲ. ಇಷ್ಟಿದ್ದೂ ನಿಷೇಧ ಫಲ ಕೊಟ್ಟಿದೆ. ಬ್ರೆಜಿಲ್ ಕರಾವಳಿಯಲ್ಲಿ ಮರಿಹಾಕುವ ಗೂನುಬೆನ್ನಿನ ತಿಮಿಂಗಿಲಗಳು 1950ರ ದಶಕದಲ್ಲಿ 450ಕ್ಕೆ ಇಳಿದಿದ್ದವು. ಇಂದು ಸುಮಾರು 25 ಸಾವಿರ. 2020ರ ಸಮೀಕ್ಷೆಯಲ್ಲಿ ದಕ್ಷಿಣ ಜಾರ್ಜಿಯಾದ ನೀರಿನಲ್ಲಿ 55 ನೀಲಿ ತಿಮಿಂಗಿಲಗಳು ಕಂಡವು. ಮುಚ್ಚಿದ ಕಾರ್ಖಾನೆಯ ತುಕ್ಕು ಹಿಡಿದ ಹಂಡೆಗಳ ಮುಂದಿನ ಕಡಲಿಗೆ ಅವು ತಾವಾಗಿ ಮರಳಿ ಬಂದಿವೆ.

ಮರಳಿ ಬಂದವುಗಳ ತಟ್ಟೆಯಿಂದಲೇ ಈಗ ಕ್ರಿಲ್ ಎತ್ತುತ್ತಿದ್ದಾರೆ. ಸಾಕಿದ ಸಾಲ್ಮನ್ ಮೀನಿನ ಮೇವಿಗೆ, ಔಷಧಿ ಅಂಗಡಿಯಲ್ಲಿ ಮಾರುವ ಒಮೆಗಾ ಗುಳಿಗೆಗಳಿಗೆ ಅದು ಹೋಗುತ್ತದೆ. ಹಿಡಿಯುವವರಲ್ಲಿ ಮೊದಲನೆಯದು ನಾರ್ವೆ, ಚೀನಾ ಹಿಂದೆಯೇ ಇದೆ. ಒಟ್ಟು ಮಿತಿಯನ್ನು ಬೇರೆ ಬೇರೆ ಪ್ರದೇಶಗಳಿಗೆ ಹಂಚಿ, ಒಂದೇ ಕಡೆ ಬಾಚದಂತೆ ತಡೆಯುತ್ತಿದ್ದ ನಿಯಮ 2024ರ ಸಭೆಯಲ್ಲಿ ಒಮ್ಮತ ಬಾರದೆ ಬಿದ್ದುಹೋಯಿತು. ಮರುವರ್ಷವೇ ಹಡಗುಗಳು ತಿಮಿಂಗಿಲ, ಪೆಂಗ್ವಿನ್‌ಗಳು ಮೇಯುವ ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಬಳಿ ಗುಂಪುಗೂಡಿದವು. ಒಟ್ಟು ಮಿತಿ ಇಟ್ಟು ಹಂಚಿಕೆಯನ್ನು ಬಿಟ್ಟರೆ ಏನಾಗುತ್ತದೆಂಬುದನ್ನು ‘ನೀಲಿ ತಿಮಿಂಗಿಲ ಮಾನ’ದ ಕಾಲದಲ್ಲಿಯೇ ಜಗತ್ತು ಕಂಡಿದೆ.

ನಮ್ಮ ಪಶ್ಚಿಮ ಕಡಲಿಗೂ ಈ ಕಥೆ ತಟ್ಟಿದೆ. ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳು ಜಗತ್ತಿನ ಇತರವುಗಳಂತೆ ಧ್ರುವಕ್ಕೆ ವಲಸೆ ಹೋಗುವುದಿಲ್ಲ. ಸುಮಾರು 70 ಸಾವಿರ ವರ್ಷಗಳಿಂದ ಇಲ್ಲಿಯೇ ನೆಲೆಸಿ ಬೇರೆಯಾಗಿಯೇ ಉಳಿದಿವೆ. 1966ರ ನವೆಂಬರಿನಲ್ಲಿ ದಕ್ಷಿಣಕ್ಕೆ ಹೊರಟಿದ್ದ ಸೋವಿಯತ್ ಹಡಗುಗಳು ಓಮಾನ್, ಪಾಕಿಸ್ತಾನ, ವಾಯವ್ಯ ಭಾರತದ ಕರಾವಳಿಯಾಚೆ ಇವುಗಳಲ್ಲಿ 238ನ್ನು ಕೊಂದವು. ಓಮಾನಿನ ಕಡೆ ಈಗ ಉಳಿದಿರುವುದು ನೂರರೊಳಗೆ. ಅಲ್ಲಿ ಉಪಗ್ರಹ ಯಂತ್ರ ತೊಡಿಸಿದ ಒಂದು ಹೆಣ್ಣು ತಿಮಿಂಗಿಲ 2017ರ ಡಿಸೆಂಬರಿನಲ್ಲಿ ಸಮುದ್ರ ದಾಟಿ ಗೋವೆಯ ಕಡೆ ಬಂದು, ಕರಾವಳಿಯುದ್ದಕ್ಕೂ ಕನ್ಯಾಕುಮಾರಿಯವರೆಗೆ ಸಾಗಿತು. ಕಾರವಾರ, ಮಂಗಳೂರುಗಳ ಮುಂದೆಯೇ ಹಾದುಹೋಗಿರಬೇಕು. ನಮ್ಮ ಜನಕ್ಕೆ ತಿಮಿಂಗಿಲದ ಸುದ್ದಿ ಬರುವುದು ಮಾತ್ರ ‘ತಿಮಿಂಗಿಲ ವಾಂತಿ ವಶ’ ಎಂಬ ಪೊಲೀಸ್ ಸುದ್ದಿಯಲ್ಲಿ. ಅದು ವಾಂತಿಯೂ ಅಲ್ಲ, ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಗಟ್ಟಿಯಾದ ವಸ್ತು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದರ ವ್ಯಾಪಾರ ಅಪರಾಧ. ಕೋಟಿ ಬರುತ್ತದೆಂದು ಹೇಳಿಕೊಂಡು ಯಾರಾದರೂ ಅಂಗಡಿಗೆ ಬಂದರೆ ನಮ್ಮ ವ್ಯಾಪಾರಿ ಮಿತ್ರರು ಅವರನ್ನು ಹೊರಗಿನಿಂದಲೇ ಕಳುಹಿಸಿಬಿಡುವುದು ಕ್ಷೇಮ.

ಬಲೆಗೆ ತಿಮಿಂಗಿಲ ಸಿಕ್ಕಿದಾಗ ಮೀನುಗಾರನೇ ಅಪರಾಧಿಯಂತೆ ನಿಲ್ಲಬೇಕಾಗುವುದು ಸರಿಯಲ್ಲ. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಎಂಬ ದೊಡ್ಡ ಮೀನು ಸಿಕ್ಕಿಬಿದ್ದಾಗ ಬಲೆ ಕೊಯ್ದು ಬಿಟ್ಟವನಿಗೆ ಸರ್ಕಾರ ಬಲೆಯ ಪರಿಹಾರ ಕೊಡುತ್ತ ಬಂದಿದೆ. ಮಹಾರಾಷ್ಟ್ರದಲ್ಲಿ 2018ರಿಂದ ಇಂಥ ಯೋಜನೆ ಇದೆ. ಕರ್ನಾಟಕದ ಕರಾವಳಿಯಲ್ಲಿ ಬಲೆ ಕೊಯ್ದು ತಿಮಿಂಗಿಲವನ್ನು ಬಿಟ್ಟ ಪ್ರತಿಯೊಬ್ಬ ಮೀನುಗಾರನಿಗೂ ಬಲೆಯ ಪೂರ್ಣ ಬೆಲೆ, ಅಲೆಸದೆ, ತಿಂಗಳೊಳಗೆ ಸಿಗಬೇಕೆಂದು ನಾವು ಒತ್ತಾಯಿಸುತ್ತೇವೆ.

ಇನ್ನು ಕ್ರಿಲ್ಲಿನ ಮಾತು. ಅದರ ಮಿತಿಯನ್ನು ನಿರ್ಧರಿಸುವ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತವೂ ಸದಸ್ಯ. ಅಲ್ಲಿ ತೀರ್ಮಾನ ಒಮ್ಮತದಿಂದ ಆಗುವುದರಿಂದ ನಮ್ಮ ದೇಶದ ಮಾತಿಗೆ ಚೀನಾದ ಮಾತಿನಷ್ಟೇ ತೂಕವಿದೆ. ಪೂರ್ವ ಅಂಟಾರ್ಕ್ಟಿಕ ಮತ್ತು ವೆಡೆಲ್ ಸಮುದ್ರಗಳನ್ನು ಸಂರಕ್ಷಿತ ಪ್ರದೇಶ ಮಾಡಬೇಕೆಂಬ ಸೂಚನೆಗೆ 2021ರಲ್ಲಿ ಭಾರತ ಸರ್ಕಾರ ಬೆಂಬಲ ಘೋಷಿಸಿತು. ಅದಕ್ಕಾಗಿ ಅದನ್ನು ಅಭಿನಂದಿಸುತ್ತೇವೆ. ಹಂಚಿಕೆಯ ನಿಯಮವನ್ನು ಮತ್ತೆ ತರುವುದಕ್ಕೂ ಅದೇ ಗಟ್ಟಿ ದನಿ ಬೇಕು. ಸಭೆ ಪ್ರತಿ ವರ್ಷ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ಹೋಬರ್ಟ್ ಪಟ್ಟಣದಲ್ಲಿ ಸೇರುತ್ತದೆ. ಭಾರತದ ಪ್ರತಿನಿಧಿ ಅಲ್ಲಿ ಏನು ಹೇಳಿದರು, ಯಾವುದಕ್ಕೆ ಒಪ್ಪಿದರು, ಯಾವುದಕ್ಕೆ ಸುಮ್ಮನಿದ್ದರು ಎಂಬ ಪ್ರಶ್ನೆಯನ್ನು ಲೋಕಸಭೆಯಲ್ಲಿ ಎತ್ತುವಂತೆ ನಮ್ಮ ಜಿಲ್ಲೆಯ ಸದಸ್ಯರಿಗೆ ಈ ಪತ್ರಿಕೆಯ ಮೂಲಕ ಬರೆದಿದ್ದೇವೆ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಂದೊಂದು ಕಾಗದ ಹಾಕಲಿ.